ತೆರೆಯ ಹಿಂದಿನ ಬೆಳಕು: ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು

ಸಿನೆಮಾ ನೋಡಿ ಹೊರಗೆ ಬಂದವರನ್ನು ನಾಯಕ ಯಾರು, ನಾಯಕಿ ಯಾರು ಎಂದು ಕೇಳಿರಿ; ತಟ್ಟನೆ ಹೇಳುತ್ತಾರೆ. ಹಾಡಿದವರು ಯಾರು ಎಂದರೂ ಹೇಳುತ್ತಾರೆ. ಸ್ವಲ್ಪ ತಿಳಿದವರಾದರೆ ನಿರ್ದೇಶಕರ ಹೆಸರನ್ನೂ ಹೇಳಿಯಾರು. ಆದರೆ ಇಷ್ಟೆಲ್ಲವನ್ನೂ ನಮ್ಮ ಕಣ್ಣಿಗೆ ಕಾಣುವಂತೆ ಮಾಡಿದವರು ಯಾರು, ಕ್ಯಾಮೆರಾ ಹಿಡಿದವರು ಯಾರು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಉಂಡವರಿಗೆ ಬಡಿಸಿದವರ ನೆನಪಿರುತ್ತದೆ, ಒಲೆಯ ಮುಂದೆ ಬೆಂದವರ ನೆನಪಿರುವುದಿಲ್ಲ. ಇದೂ ಹಾಗೆಯೇ.

ಇಂಥ ಒಲೆಯ ಮುಂದಿನ ಕೆಲಸವನ್ನೇ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಮಾಡಿ, 86ನೆಯ ವಯಸ್ಸಿನಲ್ಲಿ ದೇಶದ ಅತ್ಯುನ್ನತ ಚಲನಚಿತ್ರ ಗೌರವವಾದ ದಾದಾಸಾಹೇಬ ಫಾಳ್ಕೆ ಪ್ರಶಸ್ತಿಯನ್ನು ಪಡೆದ ಕನ್ನಡಿಗರೊಬ್ಬರ ವಿಷಯವನ್ನು ಈ ಸಂಚಿಕೆಯಲ್ಲಿ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ. ಅವರೇ ಶ್ರೀ ವಿ. ಕೆ. ಮೂರ್ತಿಯವರು. 1969ರಲ್ಲಿ ಈ ಪ್ರಶಸ್ತಿ ಆರಂಭವಾದಂದಿನಿಂದ ನಟರು, ನಿರ್ದೇಶಕರು, ನಿರ್ಮಾಪಕರು, ಗಾಯಕರು, ಸಂಗೀತಗಾರರು ಅದನ್ನು ಪಡೆದಿದ್ದರು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಮೂರ್ತಿಯವರಿಗೇ ಮೊದಲು. 2008ರ ಸಾಲಿನ ಆ ಪ್ರಶಸ್ತಿಯನ್ನು ಅವರಿಗೆ 2010ರಲ್ಲಿ ದಿಲ್ಲಿಯಲ್ಲಿ ಪ್ರದಾನ ಮಾಡಲಾಯಿತು.

ನಾವು ಸಿನೆಮಾ ಶಾಸ್ತ್ರ ಓದಿದವರಲ್ಲ. ಮ್ಯಾಟ್ರಿಕ್ ಮುಗಿಸಿ ಅರಿವೆ ಅಂಗಡಿಯ ಗಾದಿಗೆ ಕುಳಿತವರು. ಆದರೂ ಈ ವಿಷಯ ಬರೆಯಲು ಒಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಅವರ ಜೀವನವನ್ನು ನೋಡೋಣ.

ಮೈಸೂರಿನಿಂದ ಮುಂಬಯಿಗೆ

ವೆಂಕಟರಾಮ ಪಂಡಿತ ಕೃಷ್ಣಮೂರ್ತಿ ಎಂಬುದು ಅವರ ಪೂರ್ಣ ಹೆಸರು. 1923ರ ನವೆಂಬರ್ 26ರಂದು ಮೈಸೂರಿನಲ್ಲಿ ಜನನ. ಹುಡುಗ ವಯಸ್ಸಿನಲ್ಲಿ ಪಿಟೀಲು ಕಲಿತವರು. ಸ್ವಾತಂತ್ರ್ಯ ಚಳವಳಿಯಲ್ಲಿ ಭಾಗವಹಿಸಿ ಸೆರೆಮನೆಯನ್ನೂ ಕಂಡವರು. ಸಿನೆಮಾ ಸೇರಬೇಕೆಂಬ ಹಂಬಲ ಅವರಿಗೆ ಮೊದಲಿನಿಂದಲೂ ಇತ್ತು. ಆದರೆ ಆ ಕಾಲದಲ್ಲಿ ಸಿನೆಮಾ ಎಂದರೆ ಮನೆತನಸ್ಥರು ಮೂಗು ಮುರಿಯುತ್ತಿದ್ದರು. ಕಲಿಸುವ ಶಾಲೆಗಳೂ ಇರಲಿಲ್ಲ. ಸ್ಟುಡಿಯೋದಲ್ಲಿ ಯಾರದಾದರೂ ಕೈಕೆಳಗೆ ಸೇರಿ, ಪೆಟ್ಟಿಗೆ ಹೊತ್ತು, ಬೈಸಿಕೊಂಡು ಕಲಿಯುವುದೊಂದೇ ದಾರಿ.

ಇಲ್ಲಿ ಮೈಸೂರು ಸಂಸ್ಥಾನದ ದೂರದೃಷ್ಟಿಯನ್ನು ನೆನೆಯಬೇಕು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ಸ್ಥಾಪನೆಯಾಯಿತು. ನಂತರ ಅದು ಎಸ್. ಜೆ. ಪಾಲಿಟೆಕ್ನಿಕ್ ಎಂದು ಹೆಸರಾಯಿತು. ಕೈಯಲ್ಲಿ ಒಂದು ಕಸಬು ಇಲ್ಲದ ವಿದ್ಯೆ ದೇಶಕ್ಕೆ ಉಪಯೋಗವಿಲ್ಲ ಎಂಬುದು ವಿಶ್ವೇಶ್ವರಯ್ಯನವರ ಗಟ್ಟಿ ನಂಬಿಕೆ. ಅಲ್ಲಿ ಕಲಿಸಿದ ಕಸಬುಗಳಲ್ಲಿ ಚಲನಚಿತ್ರ ಛಾಯಾಗ್ರಹಣವೂ ಒಂದು. ಪುಣೆಯ ಪ್ರಸಿದ್ಧ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾದದ್ದು 1960ರಲ್ಲಿ ಎಂಬುದನ್ನು ನೆನಪಿಟ್ಟರೆ ಬೆಂಗಳೂರು ಎಷ್ಟು ಮುಂದಿತ್ತೆಂಬುದು ತಿಳಿಯುತ್ತದೆ. ಬೆಂಗಳೂರಿನ ಆ ವಿಭಾಗವೇ ಮುಂದೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಯಾಗಿ ಬೆಳೆಯಿತು.

ಆ ಸಂಸ್ಥೆಯ ಮೊದಮೊದಲ ವಿದ್ಯಾರ್ಥಿಗಳಲ್ಲಿ ಮೂರ್ತಿಯವರು ಒಬ್ಬರು. 1946ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿ ಸೇರಿದರು. ಕೈಯಲ್ಲಿ ಸರ್ಟಿಫಿಕೇಟು ಇದ್ದ ಮಾತ್ರಕ್ಕೆ ಯಾರೂ ಕ್ಯಾಮೆರಾ ಕೊಡಲಿಲ್ಲ. ಸಹಾಯಕರಾಗಿ ಕೆಲಸ ಮಾಡಿದರು. ಬೆಳಕನ್ನು ಪಳಗಿಸುವುದರಲ್ಲಿ ಆಗ ಹೆಸರಾಗಿದ್ದ ಫಲೀ ಮಿಸ್ತ್ರಿಯವರ ಕೈಕೆಳಗೂ ದುಡಿದರು. ಅವರನ್ನು ಗುರುವಿನಂತೆ ಕಂಡರು. ಡಿಪ್ಲೊಮಾ ಪಡೆದ ದಿನದಿಂದ ಸ್ವತಂತ್ರ ಛಾಯಾಗ್ರಾಹಕರಾಗಿ ಮೊದಲ ಚಿತ್ರ ತೆರೆಕಾಣುವವರೆಗೆ ಆರು ವರ್ಷ ಹಿಡಿಯಿತು. ಇಂದಿನ ಮಕ್ಕಳಿಗೆ ಆರು ತಿಂಗಳೂ ಬಹಳವೆನಿಸುತ್ತದೆ.

ಒಂದು ಶಾಟು, ಹನ್ನೆರಡು ವರ್ಷದ ಜೋಡಿ

1951ರಲ್ಲಿ ನವಕೇತನ ಸಂಸ್ಥೆಯ 'ಬಾಜಿ' ಚಿತ್ರ ತಯಾರಾಗುತ್ತಿತ್ತು. ದೇವ್ ಆನಂದ್ ನಾಯಕ. ನಿರ್ದೇಶಕ ಗುರುದತ್ತರಿಗೆ ಅದು ಮೊದಲ ಚಿತ್ರ. ಗುರುದತ್ ಪಡುಕೋಣೆಯವರೂ ಹುಟ್ಟಿದ್ದು ಬೆಂಗಳೂರಿನಲ್ಲಿಯೇ, 1925ರಲ್ಲಿ. ಛಾಯಾಗ್ರಾಹಕರು ವಿ. ರಾತ್ರಾ. ಅವರ ಸಹಾಯಕರು ನಮ್ಮ ಮೂರ್ತಿಯವರು.

ಕ್ಲಬ್ಬಿನ ಹಾಡೊಂದರಲ್ಲಿ ಕ್ಯಾಮೆರಾ ಚಲಿಸುತ್ತಲೇ ಹಿಡಿಯಬೇಕಾದ ಕಷ್ಟದ ಶಾಟು ಒಂದಿತ್ತು. ಅದನ್ನು ಹೀಗೆ ಮಾಡಬಹುದಲ್ಲ ಎಂದು ಸಹಾಯಕರಾದ ಮೂರ್ತಿಯವರು ಸೂಚಿಸಿದರು. ರಾತ್ರಾ ಅವರು ದೊಡ್ಡ ಮನಸ್ಸಿನವರು, ನೀನೇ ಮಾಡು ಎಂದು ಬಿಟ್ಟುಕೊಟ್ಟರು. ಮೂರ್ತಿಯವರು ಮಾಡಿ ತೋರಿಸಿದರು. ಗುರುದತ್ತರ ಕಣ್ಣು ಆ ದಿನವೇ ಈ ಹುಡುಗನ ಮೇಲೆ ಬಿತ್ತು. ಮುಂದಿನ ಚಿತ್ರಕ್ಕೆ ನೀವೇ ಛಾಯಾಗ್ರಾಹಕರು ಎಂದರು. ಆ ಮುಂದಿನ ಚಿತ್ರವೇ 1952ರ 'ಜಾಲ್'. ಗೋವೆಯ ಕಡಲತೀರದ ಬೆಸ್ತರ ನಡುವೆ ನಡೆಯುವ ಕಥೆ.

ಅಲ್ಲಿಂದ ಈ ಜೋಡಿ ಮುರಿಯಲಿಲ್ಲ. 1953ರಲ್ಲಿ 'ಬಾಜ್', 1954ರಲ್ಲಿ 'ಆರ್ ಪಾರ್', 1955ರಲ್ಲಿ 'ಮಿಸ್ಟರ್ ಅಂಡ್ ಮಿಸೆಸ್ 55', 1956ರಲ್ಲಿ ರಾಜ್ ಖೋಸ್ಲಾ ನಿರ್ದೇಶನದ 'ಸಿ. ಐ. ಡಿ.', 1957ರಲ್ಲಿ 'ಪ್ಯಾಸಾ', 1959ರಲ್ಲಿ 'ಕಾಗಜ್ ಕೆ ಫೂಲ್', 1962ರಲ್ಲಿ 'ಸಾಹಿಬ್ ಬೀಬಿ ಔರ್ ಗುಲಾಮ್'. 1964ರ ಅಕ್ಟೋಬರ್ 10ರಂದು ಗುರುದತ್ತರು 39ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಇಬ್ಬರದೂ ಒಂದೇ ಕಂಪನಿ, ಒಂದೇ ಮನಸ್ಸು.

ರಾತ್ರಾ ಅವರ ಮಾತನ್ನು ಇಲ್ಲಿ ಒಂದಿಷ್ಟು ಯೋಚಿಸಬೇಕು. ಕೈಕೆಳಗಿನ ಹುಡುಗನಿಗೆ ಅಂದು ಅವರು ಸುಮ್ಮನಿರು ಎಂದಿದ್ದರೆ ಮೂರ್ತಿಯವರ ಕೈಚಳಕ ಎಷ್ಟು ವರ್ಷ ಮರೆಯಲ್ಲಿ ಉಳಿಯುತ್ತಿತ್ತೋ. ನಮ್ಮ ಅಂಗಡಿ, ಪೇಠೆಗಳಲ್ಲಿಯೂ ಗುಮಾಸ್ತ ಒಂದು ಒಳ್ಳೆಯ ಮಾತು ಹೇಳಿದರೆ ಮಾಲೀಕನಿಗೆ ಅದು ಅಧಿಕಪ್ರಸಂಗವಾಗಿ ಕಾಣುವುದೇ ಹೆಚ್ಚು.

ಕಪ್ಪು ಬಿಳುಪಿನ ಲೆಕ್ಕ

ಛಾಯಾಗ್ರಾಹಕನ ಕೆಲಸವೇನು? ಗುಂಡಿ ಒತ್ತುವುದು ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಎಲ್ಲಿ ಎಷ್ಟು ಬೆಳಕು ಬೀಳಬೇಕು, ಎಲ್ಲಿ ಬೀಳಬಾರದು ಎಂಬುದನ್ನು ನಿರ್ಧರಿಸುವುದೇ ಅವನ ಮುಖ್ಯ ಕೆಲಸ.

ಅರಿವೆ ವ್ಯಾಪಾರ ಮಾಡುವವರಿಗೆ ಇದು ಬೇಗ ತಿಳಿಯುತ್ತದೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಒಂದು ಬಣ್ಣವಾಗಿ ಕಂಡ ಸೀರೆ ಬಾಗಿಲಿಗೆ ಒಯ್ದರೆ ಬೇರೆ ಬಣ್ಣವಾಗುತ್ತದೆ. ಅನುಭವಸ್ಥ ಹೆಣ್ಣುಮಕ್ಕಳು ಸೆರಗನ್ನು ಹಗಲ ಬೆಳಕಿಗೆ ಹಿಡಿದು ನೋಡಿಯೇ ಖರೀದಿ ಮಾಡುತ್ತಾರೆ. ಅರಿವೆ ಅದೇ, ಬೆಳಕು ಬದಲಾದರೆ ನೋಟವೇ ಬದಲು. ಇನ್ನು ಕಪ್ಪು ಬಿಳುಪಿನ ಫಿಲ್ಮಿನಲ್ಲಂತೂ ಬಣ್ಣವೇ ಇಲ್ಲ. ಒಂದು ಕೆಂಪು ಸೀರೆ, ಒಂದು ಹಸಿರು ಸೀರೆ ಅಕ್ಕಪಕ್ಕ ನಿಂತರೆ ಎರಡೂ ಒಂದೇ ಬೂದಿ ಬಣ್ಣವಾಗಿ ಬರುವುದುಂಟು. ಆಗ ಒಬ್ಬರನ್ನು ಮತ್ತೊಬ್ಬರಿಂದ, ಮುಖವನ್ನು ಗೋಡೆಯಿಂದ ಬೇರ್ಪಡಿಸಿ ತೋರಿಸುವುದು ಹೇಗೆ? ಬೆಳಕಿನಿಂದಲೇ. ಮುಂದಿನಿಂದ ಒಂದು ಮುಖ್ಯ ದೀಪ. ಅದರ ನೆರಳು ತೀರ ಗಾಢವಾಗದಂತೆ ಪಕ್ಕದಿಂದ ಒಂದು ಮೆದು ದೀಪ. ತಲೆಗೂದಲು, ಭುಜಗಳ ಅಂಚು ಹೊಳೆಯುವಂತೆ ಹಿಂದಿನಿಂದ ಒಂದು ದೀಪ. ಬೇಡದ ಕಡೆ ಬೆಳಕು ಹರಿಯದಂತೆ ತಡೆಯಲು ಕಪ್ಪು ಹಲಗೆಗಳು. ಆ ಕಾಲದ ಫಿಲ್ಮಿಗೆ ಬಹಳ ಬೆಳಕು ಬೇಕಾಗುತ್ತಿತ್ತು. ಆದ್ದರಿಂದ ದೀಪಗಳೂ ದೊಡ್ಡವು, ಅವುಗಳ ಕಾವೂ ದೊಡ್ಡದು. ಅದರ ನಡುವೆ ನಟರು ನಗಬೇಕು, ಅಳಬೇಕು.

ಸಾಮಾನ್ಯ ಛಾಯಾಗ್ರಾಹಕರು ಎಲ್ಲವೂ ಸ್ಪಷ್ಟವಾಗಿ ಕಾಣಲಿ ಎಂದು ಎಲ್ಲ ಕಡೆಗೂ ಬೆಳಕು ಸುರಿಯುತ್ತಿದ್ದರು. ಮೂರ್ತಿಯವರು ಕತ್ತಲೆಗೂ ಬೆಲೆ ಕೊಟ್ಟರು. 'ಪ್ಯಾಸಾ' ನೋಡಿದವರಿಗೆ ಕೊನೆಯ ಸಭೆಯ ದೃಶ್ಯ ನೆನಪಿರಬಹುದು. ಸತ್ತನೆಂದು ಎಲ್ಲರೂ ತಿಳಿದ ಕವಿ ತನ್ನದೇ ಸ್ಮರಣೆಯ ಸಭೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಸಭಾಂಗಣ ಕತ್ತಲು. ಬಾಗಿಲ ಹಿಂದೆ ಬೆಳಕು. ಎರಡೂ ತೋಳು ಚಾಚಿ ಚೌಕಟ್ಟು ಹಿಡಿದು ನಿಂತ ಆ ಆಕೃತಿ ಮಾತ್ರ ಕಾಣುತ್ತದೆ. ಬದುಕಿದ್ದಾಗ ಒಂದು ತುತ್ತು ಕೊಡದ ಜನ ಸತ್ತ ಮೇಲೆ ಹಾರ ಹಾಕುತ್ತಾರೆಂಬ ಇಡೀ ಕಥೆಯ ಸಾರ ಆ ಒಂದು ಚಿತ್ರದಲ್ಲಿ ಬಂದುಬಿಟ್ಟಿದೆ. ಅಲ್ಲಿ ಮುಖದ ತುಂಬ ಬೆಳಕು ಹಾಕಿದ್ದರೆ ಆ ಪರಿಣಾಮ ಬರುತ್ತಿರಲಿಲ್ಲ.

'ಸಾಹಿಬ್ ಬೀಬಿ ಔರ್ ಗುಲಾಮ್' ಚಿತ್ರದಲ್ಲಿ ಜಮೀನ್ದಾರರ ಮಹಫಿಲಿನ ನೃತ್ಯವೊಂದಿದೆ. ಮುಂದೆ ಕುಣಿಯುವ ಮುಖ್ಯ ನರ್ತಕಿ ಮೀನೂ ಮುಮ್ತಾಜರ ಮೇಲೆ ಪೂರ್ಣ ಬೆಳಕು. ಹಿಂದಿನ ಸಾಲಿನ ನರ್ತಕಿಯರೆಲ್ಲ ಆರಂಭದಿಂದ ಕೊನೆಯವರೆಗೆ ನೆರಳಿನಲ್ಲಿಯೇ ಕುಣಿಯುತ್ತಾರೆ. ಅವರ ಮುಖ ಕಾಣುವುದಿಲ್ಲ, ಆಕೃತಿ ಮಾತ್ರ. ನೋಡಲು ಸುಲಭವೆನಿಸುತ್ತದೆ. ಆದರೆ ಕುಣಿಯುವವರು ನಿಂತಲ್ಲಿ ನಿಲ್ಲುವುದಿಲ್ಲ. ಒಬ್ಬಳು ಒಂದು ಹೆಜ್ಜೆ ಮುಂದೆ ಬಂದರೆ ಬೆಳಕು ಮುಖಕ್ಕೆ ಬಡಿಯುತ್ತದೆ. ಬೆಳಕಿಗೂ ನೆರಳಿಗೂ ನಡುವೆ ಗೆರೆ ಎಳೆದು, ಹಾಡಿನ ಉದ್ದಕ್ಕೂ ಅದನ್ನು ಕಾಯಬೇಕು. ಆ ಚಿತ್ರ ಹಿಂದಿಯ ಉತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಬೆಳ್ಳಿ ಪದಕ ಪಡೆಯಿತು. ಮೂರ್ತಿಯವರಿಗೆ ಅದರ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ಬಿಸಿಲನ್ನು ಸ್ಟುಡಿಯೋದೊಳಗೆ ತಂದದ್ದು

ಮೂರ್ತಿಯವರ ಹೆಸರು ಹೇಳಿದೊಡನೆ ತಿಳಿದವರು ನೆನೆಯುವುದು 'ಕಾಗಜ್ ಕೆ ಫೂಲ್' ಚಿತ್ರದ ಬಿಸಿಲುಕೋಲನ್ನು. ಗೀತಾ ದತ್ ಹಾಡಿದ, ಎಸ್. ಡಿ. ಬರ್ಮನ್ ಸಂಗೀತದ ಹಾಡು ಅದು. ಖಾಲಿ ಸ್ಟುಡಿಯೋ. ಎದುರು ಬದುರು ಗುರುದತ್ ಮತ್ತು ವಹೀದಾ ರೆಹಮಾನ್. ಒಬ್ಬರನ್ನೊಬ್ಬರು ಬಯಸುತ್ತಾರೆ, ಆದರೆ ಸೇರುವಂತಿಲ್ಲ. ಮೇಲಿನಿಂದ ಓರೆಯಾಗಿ ಒಂದು ದಪ್ಪ ಬೆಳಕಿನ ಕಂಬ ಇಳಿದು ನೆಲ ಮುಟ್ಟುತ್ತದೆ. ಅದರಲ್ಲಿ ಧೂಳು ತೇಲಾಡುತ್ತದೆ.

ಆ ಕಂಬವನ್ನು ತರುವುದು ಹೇಗೆ? ದೊಡ್ಡ ದೀಪ ಹಚ್ಚಿದರೆ ಆಗದೆ ಎಂದು ನೀವು ಕೇಳಬಹುದು. ಆಗದು. ದೀಪದ ಬೆಳಕು ಹೊರಟಲ್ಲಿ ಕಿರಿದು, ಮುಂದೆ ಹೋದಂತೆ ಹಿರಿದು, ಚಕ್ಕಡಿಯ ಗಾಲಿಯ ಅರಗಳಂತೆ ಹರಡುತ್ತದೆ. ಸೂರ್ಯನೋ ಬಹುದೂರ ಇರುವುದರಿಂದ ಅವನ ಕಿರಣಗಳು ನಮಗೆ ಮುಟ್ಟುವಾಗ ಒಂದಕ್ಕೊಂದು ಸಮಾನಾಂತರ, ನೇಯ್ಗೆಯ ಹಾಸಿನ ಎಳೆಗಳ ಹಾಗೆ. ಹಂಚಿನ ಮನೆಯ ಗವಾಕ್ಷಿಯಿಂದ ಇಳಿಯುವ ಬಿಸಿಲುಕೋಲು ಮೇಲೂ ಕೆಳಗೂ ಒಂದೇ ದಪ್ಪ ಇರುವುದು ಇದೇ ಕಾರಣಕ್ಕೆ. ಮೂರ್ತಿಯವರು ನಿಜವಾದ ಸೂರ್ಯನನ್ನೇ ಒಳಗೆ ಕರೆದರು. ಎರಡು ದೊಡ್ಡ ಕನ್ನಡಿಗಳನ್ನು ತರಿಸಿದರು. ಒಂದನ್ನು ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿ ಬಿಸಿಲನ್ನು ಒಳಕ್ಕೆ ತಿರುಗಿಸಿದರು. ಮತ್ತೊಂದನ್ನು ಒಳಗೆ ಎತ್ತರದಲ್ಲಿ ಇಟ್ಟು ಆ ಬಿಸಿಲನ್ನು ಬೇಕಾದ ಜಾಗಕ್ಕೆ ಇಳಿಸಿದರು. ಸ್ವಲ್ಪ ಹೊಗೆ ಹಾಯಿಸಿದರೆ ಕೋಲು ಕಣ್ಣಿಗೆ ಮೂಡುತ್ತದೆ. ಸೂರ್ಯ ನಿಂತಲ್ಲಿ ನಿಲ್ಲುವವನಲ್ಲ. ಅವನು ಸರಿದಂತೆ ಕನ್ನಡಿಯನ್ನೂ ಸರಿಸುತ್ತಿರಬೇಕು. ಮೋಡ ಬಂದರೆ ಎಲ್ಲರೂ ಕೈಕಟ್ಟಿ ಕೂಡಬೇಕು.

ಲಕ್ಷಗಟ್ಟಲೆ ಖರ್ಚಿನ ಯಂತ್ರವಲ್ಲ ಇದು, ಎರಡು ಕನ್ನಡಿ. ನಾವು ಚಿಕ್ಕವರಿದ್ದಾಗ ಕನ್ನಡಿಯ ಚೂರಿನಿಂದ ಎದುರು ಮನೆಯ ಗೋಡೆಗೆ ಬಿಸಿಲು ಬಿಟ್ಟು ಹಿರಿಯರಿಂದ ಬೈಸಿಕೊಂಡದ್ದುಂಟು. ಅದೇ ಆಟ ಬಲ್ಲವರ ಕೈಯಲ್ಲಿ ಎಲ್ಲಿಗೆ ಮುಟ್ಟಿತು ನೋಡಿರಿ. ಮೂರ್ತಿಯವರನ್ನು ಕುರಿತು ಶ್ರೀಮತಿ ಉಮಾ ರಾವ್ ಅವರು ಕನ್ನಡದಲ್ಲಿ ಬರೆದ ಪುಸ್ತಕಕ್ಕೂ 'ಬಿಸಿಲು ಕೋಲು' ಎಂಬ ಹೆಸರೇ ಇದೆ.

ಇದೇ ಚಿತ್ರ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರವೂ ಹೌದು. ಅದಕ್ಕೆ ಮೊದಲು ತೆರೆಯ ಅಗಲ ಎತ್ತರಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು, ಅಷ್ಟೆ. ಸ್ಕೋಪಿನಲ್ಲಿ ಅಗಲ ಎತ್ತರದ ಎರಡೂಕಾಲು ಪಟ್ಟಿಗಿಂತಲೂ ಹೆಚ್ಚು. ಇದಕ್ಕಾಗಿ ಫಿಲ್ಮನ್ನು ಅಗಲ ಮಾಡುವುದಿಲ್ಲ. ವಿಶೇಷ ಲೆನ್ಸು ಅಗಲವಾದ ನೋಟವನ್ನು ಪಕ್ಕಗಳಿಂದ ಹಿಂಡಿ ಅದೇ ಫಿಲ್ಮಿನ ಮೇಲೆ ಇಳಿಸುತ್ತದೆ. ಥಿಯೇಟರಿನಲ್ಲಿ ಮತ್ತೊಂದು ಲೆನ್ಸು ಅದನ್ನು ಬಿಡಿಸಿ ತೆರೆಯ ತುಂಬ ಹರಡುತ್ತದೆ. ಅರಿವೆಯನ್ನು ಘಳಿಗೆ ಮಾಡಿ ಕಳಿಸಿ, ಊರು ಮುಟ್ಟಿದ ಮೇಲೆ ಬಿಚ್ಚಿ ಹಾಸಿದ ಹಾಗೆ. ಅಷ್ಟು ಅಗಲದ ತೆರೆಯನ್ನು ತುಂಬುವುದೇ ಒಂದು ಸಮಸ್ಯೆ. ಮೂರ್ತಿಯವರು ಅದನ್ನು ಸಾಮಾನುಗಳಿಂದ ತುಂಬಲಿಲ್ಲ. ಖಾಲಿ ಜಾಗ, ನೆರಳುಗಳಿಂದ ತುಂಬಿದರು. ಅಷ್ಟು ದೊಡ್ಡ ಸ್ಟುಡಿಯೋದಲ್ಲಿ ಒಬ್ಬನೇ ಮನುಷ್ಯ ಎಷ್ಟು ಚಿಕ್ಕವನು ಎಂಬುದು ನೋಡುವವರ ಎದೆಗೆ ತಾಗಿತು.

ಹಾನಿಯ ಖಾತೆ, ಜಮೆಯ ಖಾತೆ

ವ್ಯಾಪಾರಿಗಳಾದ ನಮಗೆ ಈ ಚಿತ್ರದ ಇನ್ನೊಂದು ಮಗ್ಗುಲು ಮುಖ್ಯವಾಗಿ ಕಾಣುತ್ತದೆ. 'ಕಾಗಜ್ ಕೆ ಫೂಲ್' ಓಡಲಿಲ್ಲ. ಜನ ತಿರಸ್ಕರಿಸಿದರು. ಗುರುದತ್ತರ ಕಂಪನಿಗೆ ದೊಡ್ಡ ಪೆಟ್ಟು ಬಿತ್ತು. ಮನಸ್ಸಿಗೆ ಎಷ್ಟು ನೋವಾಯಿತೆಂದರೆ ಆ ನಂತರ ಯಾವ ಚಿತ್ರಕ್ಕೂ ಅವರು ನಿರ್ದೇಶಕರೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. 'ಚೌದವೀ ಕಾ ಚಾಂದ್' ಎಂ. ಸಾದಿಕ್ ಅವರ ಹೆಸರಿನಲ್ಲಿಯೂ 'ಸಾಹಿಬ್ ಬೀಬಿ ಔರ್ ಗುಲಾಮ್' ಅಬ್ರಾರ್ ಅಲ್ವಿಯವರ ಹೆಸರಿನಲ್ಲಿಯೂ ಬಂದವು.

ಆ ವರ್ಷದ ಖಾತೆವಹಿ ತೆಗೆದು ನೋಡಿದ್ದರೆ ಚಿತ್ರದ ಹೆಸರಿನ ಮುಂದೆ ಬರೀ ಹಾನಿಯೇ ಕಾಣುತ್ತಿತ್ತು. ಆದರೆ ಅದೇ ಚಿತ್ರದ ಛಾಯಾಗ್ರಹಣಕ್ಕೆ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಕಲಾ ನಿರ್ದೇಶನಕ್ಕೆ ಎಂ. ಆರ್. ಆಚ್ರೇಕರರಿಗೂ ಬಂತು. ದಶಕಗಳು ಕಳೆದ ಮೇಲೆ ದೇಶವಿದೇಶಗಳಲ್ಲಿ ಆ ಚಿತ್ರವನ್ನು ಶ್ರೇಷ್ಠವೆಂದು ಎಣಿಸತೊಡಗಿದರು. ಫಿಲ್ಮ್ ಶಾಲೆಗಳಲ್ಲಿ ಅದನ್ನು ಹಾಕಿ ತೋರಿಸುತ್ತಾರೆ. ಕೆಲವು ಮಾಲು ಆ ವರ್ಷವೇ ಮಾರಾಟವಾಗುವುದಿಲ್ಲ. ಅದರಿಂದ ಮಾಲು ಖೊಟ್ಟಿ ಎಂದಾಗುವುದಿಲ್ಲ. ಇದು ಗಲ್ಲೆಯ ಮುಂದೆ ಕುಳಿತವರಿಗೆ ಒಪ್ಪಿಕೊಳ್ಳಲು ಕಷ್ಟದ ಮಾತು. ಮನೆಯ ಖರ್ಚು ಈ ತಿಂಗಳೇ ನಡೆಯಬೇಕಲ್ಲ! ಆ ಕಷ್ಟವನ್ನೂ ಮರೆಯಬಾರದು. ಗುರುದತ್ತರ ಕಂಪನಿ ಉಳಿದದ್ದು ಮರುವರ್ಷದ 'ಚೌದವೀ ಕಾ ಚಾಂದ್' ಭರ್ಜರಿ ಓಡಿದ್ದರಿಂದ. ಆ ಕಪ್ಪು ಬಿಳುಪಿನ ಚಿತ್ರದಲ್ಲಿ ಶೀರ್ಷಿಕೆಯ ಹಾಡನ್ನು ಬಣ್ಣದಲ್ಲಿ ತೆಗೆದಿದ್ದರು. ಒಂದು ಕಡೆ ಎದೆಗಾರಿಕೆಯ ಕೆಲಸ, ಮತ್ತೊಂದು ಕಡೆ ಮನೆ ನಡೆಸುವ ಕೆಲಸ. ಎರಡರಲ್ಲೂ ಮೂರ್ತಿಯವರ ಶ್ರದ್ಧೆ ಒಂದೇ.

ಗುರುದತ್ತರ ನಂತರ

ಗುರುದತ್ತರು ಹೋದ ಮೇಲೆ ಮೂರ್ತಿಯವರಿಗೆ ಅಂಥ ಜೋಡಿ ಮತ್ತೆ ದೊರೆಯಲಿಲ್ಲ. ಆದರೂ ಅವರು ಮೂಲೆ ಹಿಡಿದು ಕೂಡಲಿಲ್ಲ. ಪ್ರಮೋದ್ ಚಕ್ರವರ್ತಿಯವರ 'ಜಿದ್ದಿ' (1964), 'ಲವ್ ಇನ್ ಟೋಕಿಯೊ' (1966), 'ನಯಾ ಜಮಾನಾ' (1971), 'ಜುಗ್ನು' (1973) ಮುಂತಾದ ಬಣ್ಣದ ಜನಪ್ರಿಯ ಚಿತ್ರಗಳಿಗೆ ಕೆಲಸ ಮಾಡಿದರು. 'ಪಾಕೀಜಾ' ಚಿತ್ರದ ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ನಡುವೆಯೇ ತೀರಿಕೊಂಡಾಗ ಅದನ್ನು ಪೂರೈಸಲು ಕೈಜೋಡಿಸಿದವರಲ್ಲಿ ಇವರೂ ಒಬ್ಬರು.

ಇಲ್ಲಿ ಒಂದು ವಿಷಯ ನಮ್ಮ ಮನಸ್ಸಿಗೆ ಬಹಳ ಹಿಡಿಸಿದೆ. ಬೆಂಗಳೂರಿನ ಅದೇ ಪಾಲಿಟೆಕ್ನಿಕ್ಕಿನಲ್ಲಿ ಓದಿ ಬಂದ ಗೋವಿಂದ ನಿಹಲಾನಿ ಎಂಬ ತರುಣ ಮೂರ್ತಿಯವರ ಕೈಕೆಳಗೆ ಹಲವು ವರ್ಷ ಸಹಾಯಕರಾಗಿದ್ದರು. ಮುಂದೆ ಅವರೇ ದೊಡ್ಡ ಛಾಯಾಗ್ರಾಹಕರಾದರು. ಗಿರೀಶ ಕಾರ್ನಾಡರ ಕನ್ನಡ ಚಿತ್ರ 'ಕಾಡು' ಅವರ ಕ್ಯಾಮೆರಾದಲ್ಲಿ ಮೂಡಿದ್ದು. ಆಮೇಲೆ ನಿರ್ದೇಶಕರೂ ಆದರು. 1988ರಲ್ಲಿ ನಿಹಲಾನಿಯವರು ದೇಶ ವಿಭಜನೆಯ ಕಥೆಯ 'ತಮಸ್' ಧಾರಾವಾಹಿಯನ್ನು ದೂರದರ್ಶನಕ್ಕೆ ಮಾಡಿದಾಗ ಅದರ ಛಾಯಾಗ್ರಹಣಕ್ಕೆ ತಮ್ಮ ಗುರುಗಳನ್ನೇ ಕರೆದರು. ಗುರುಗಳೂ ಶಿಷ್ಯನ ನಿರ್ದೇಶನದಲ್ಲಿ ಸಂಕೋಚವಿಲ್ಲದೆ ಕೆಲಸ ಮಾಡಿದರು. ಓಣಿಗೆ ಒಂದೋ ಎರಡೋ ಟಿ.ವಿ. ಇದ್ದ ಕಾಲ ಅದು. 'ತಮಸ್' ಬರುವ ರಾತ್ರಿ ನಾವು ಅಂಗಡಿ ಬೇಗ ಮುಚ್ಚಿ ನೆರೆಮನೆಯಲ್ಲಿ ಕೂಡುತ್ತಿದ್ದೆವು. ಆ ಕತ್ತಲ ಓಣಿಗಳು, ಕಂದೀಲಿನ ಬೆಳಕಿನಲ್ಲಿ ಹೆದರಿದ ಮುಖಗಳು ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ಅದೇ ವರ್ಷ ಶ್ಯಾಮ್ ಬೆನೆಗಲ್ಲರ 53 ಕಂತುಗಳ 'ಭಾರತ್ ಏಕ್ ಖೋಜ್' ಧಾರಾವಾಹಿ ಆರಂಭವಾಯಿತು. ಅದಕ್ಕೂ ಮೂರ್ತಿಯವರದೇ ಕ್ಯಾಮೆರಾ. ಆಗ ಅವರ ವಯಸ್ಸು 65ರ ಹತ್ತಿರ, ಅಂದರೆ ಇಂದು ನಮಗಿರುವ ವಯಸ್ಸೇ. ಮೊಣಕಾಲು ನೋವೆಂದು ನಾವು ಅಂಗಡಿಯ ಮೆಟ್ಟಿಲು ಹತ್ತಲು ಹಿಂದೆ ಮುಂದೆ ನೋಡುತ್ತೇವೆ!

ತಾಯ್ನುಡಿಯಲ್ಲಿ ಕೆಲಸ ಮಾಡುವ ಯೋಗ ಅವರಿಗೆ ತಡವಾಗಿ ಬಂತು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಶ್ರೀ ರಾಜೇಂದ್ರಸಿಂಗ್ ಬಾಬು ಅವರು ತೆಗೆದ 'ಹೂವು ಹಣ್ಣು' ಚಿತ್ರಕ್ಕೆ 1993ರಲ್ಲಿ ಛಾಯಾಗ್ರಾಹಕರಾದರು. ಮೈಸೂರಿನ ಹುಡುಗ ಕನ್ನಡ ಚಿತ್ರಕ್ಕೆ ಬೆಳಕು ಹಿಡಿಯಲು 70 ವರ್ಷ ಕಾಯಬೇಕಾಯಿತು. ಗಡಿಯಾಚೆ ಬದುಕುವ ನಮಗೆ ಇದು ಹೊಸದಲ್ಲ. ವ್ಯವಹಾರದ ಭಾಷೆ ಮರಾಠಿ, ಹಿಂದಿ. ಮನೆಯ ಭಾಷೆ ಕನ್ನಡ. ದುಡಿದದ್ದು ಹೊರಗಾದರೂ ಬೇರು ಒಣಗಬೇಕಿಲ್ಲ. ಮೂರ್ತಿಯವರು ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿಯೇ ನೆಲೆಸಿದರು. 2005ರಲ್ಲಿ ಐಫಾ ಸಂಸ್ಥೆ ಜೀವಮಾನದ ಸಾಧನೆಯ ಗೌರವ ನೀಡಿತು. ನಂತರ ಫಾಳ್ಕೆ ಪ್ರಶಸ್ತಿ. 2014ರ ಏಪ್ರಿಲ್ 7ರಂದು ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಮನೆಗಳ ಪ್ರಶ್ನೆ

ಈಗ ಮೊದಲು ಹೇಳಿದ ಕಾರಣಕ್ಕೆ ಬರುತ್ತೇವೆ. ನಮ್ಮ ಅಣ್ಣನ ಮೊಮ್ಮಗ ಹನ್ನೆರಡನೆಯ ತರಗತಿ ಪಾಸಾಗಿದ್ದಾನೆ. ಅಂಗಡಿಗೆ ಬರುವುದಿಲ್ಲ, ಕ್ಯಾಮೆರಾ ಕಲಿಯುತ್ತೇನೆ ಎಂದು ಹಟ ಹಿಡಿದ. ಮನೆಯಲ್ಲಿ ದೊಡ್ಡ ಗದ್ದಲ. ಅವನ ತಂದೆ ನಮ್ಮಲ್ಲಿಗೆ ಕರೆತಂದು, "ಕಾಕಾ, ನೀವಾರೆ ಒಂದು ಮಾತು ಹೇಳ್ರಿ. ಮೂರು ತಲಿ ನಡೆದುಬಂದ ಅಂಗಡಿ. ಇಂವ ನೋಡಿದ್ರ ಫೋಟೋ ತೆಗಿತೀನಿ ಅಂತಾನ. ನಾಳೆ ಕನ್ಯಾ ಯಾರು ಕೊಡ್ತಾರು?" ಎಂದ. ಹುಡುಗ ತಲೆ ತಗ್ಗಿಸಿ, "ಮುತ್ಯಾ, ಅಂಗಡಿ ಅಣ್ಣ ನೋಡಕೊಂತಾನ್ರಿ. ನನಗ ಈ ಕೆಲಸ ಬಿಟ್ಟು ಬ್ಯಾರೆ ತಲಿಗೆ ಹೋಗಂಗಿಲ್ರಿ" ಎಂದ.

ತಂದೆಯ ಹೆದರಿಕೆ ಸುಳ್ಳಲ್ಲ. ಆ ಹಾದಿಯಲ್ಲಿ ಹೋದವರೆಲ್ಲ ಮೂರ್ತಿಯವರಾಗುವುದಿಲ್ಲ. ಸಂಬಳಕ್ಕೆ ಗೊತ್ತುಗುರಿ ಇಲ್ಲ, ವೇಳೆಗೆ ಊಟವಿಲ್ಲ. ಹುಡುಗನ ಆಸೆಯೂ ಸುಳ್ಳಲ್ಲ. ನಾವು ಆ ಹುಡುಗನಿಗೆ ಮೂರ್ತಿಯವರ ಪ್ರಶಸ್ತಿಗಳ ಕಥೆ ಹೇಳಲಿಲ್ಲ. ಅವರು ಸಹಾಯಕರಾಗಿ ಕಳೆದ ವರ್ಷಗಳ ಕಥೆ ಹೇಳಿದೆವು. ತಂದೆಗೆ ಹೇಳಿದೆವು: ಇವನನ್ನು ಒಂದು ವರ್ಷ ನಮ್ಮ ಪೇಠೆಯಲ್ಲಿ ಮದುವೆ ಫೋಟೋ, ವಿಡಿಯೋ ತೆಗೆಯುವವರ ಕೈಕೆಳಗೆ ಬಿಡು. ಲೈಟು ಹೊರಲಿ, ವೈರು ಸುತ್ತಲಿ, ರಾತ್ರಿ ಎರಡು ಗಂಟೆಗೆ ಮನೆಗೆ ಬರಲಿ. ವರ್ಷ ತುಂಬಿದ ಮೇಲೂ ಇದೇ ಬೇಕೆಂದರೆ ಫಿಲ್ಮ್ ಶಾಲೆಯ ಫೀ ನೀನು ಕಟ್ಟಬೇಕು, ಮತ್ತೆ ತಕರಾರು ಮಾಡಬಾರದು. ಇಬ್ಬರೂ ಒಪ್ಪಿದರು. ಈಗ ಏಳು ತಿಂಗಳಾಗಿದೆ. ಹುಡುಗ ಲೈಟು ಹೊರುತ್ತಿದ್ದಾನೆ. ಮೊನ್ನೆ ನಮ್ಮ ಅಂಗಡಿಗೆ ಬಂದಾಗ, ಈ ಟ್ಯೂಬ್‌ಲೈಟಿನ ಕೆಳಗೆ ನಿಮ್ಮ ಹಸಿರು ಸೀರೆಗಳ ನಿಜವಾದ ಬಣ್ಣ ಗಿರಾಕಿಗೆ ಕಾಣುವುದಿಲ್ಲ ಎಂದು ಹೇಳಿ, ದೀಪ ಬದಲಾಯಿಸಿ ಕೊಟ್ಟು ಹೋದ. ಅವನ ತಂದೆ ಪಕ್ಕದಲ್ಲಿಯೇ ಇದ್ದ. ಏನೂ ಮಾತಾಡಲಿಲ್ಲ.

ವರ್ಷದ ಕೊನೆಗೆ ಏನಾಗುತ್ತದೋ ನೋಡಬೇಕು. ಅಂಗಡಿಗೆ ಮರಳಿದರೆ ಸಂತೋಷ. ಫಿಲ್ಮ್ ಶಾಲೆಗೆ ಹೋದರೂ ಕಳಿಸಿಕೊಡುವವರೇ. ಹಿರಿಯರು ಮಾಡಬೇಕಾದದ್ದು ಇಷ್ಟೇ ಎಂದು ನಮಗೆ ತೋರುತ್ತದೆ: ಹುಡುಗನ ಆಸೆಯನ್ನು ನಗೆಯಾಡಬಾರದು, ದುಡಿಮೆಯಿಂದ ಅದನ್ನು ಪರೀಕ್ಷಿಸಬೇಕು. ಹೆಣ್ಣುಮಕ್ಕಳ ವಿಷಯದಲ್ಲಿಯೂ ಇದೇ ಮಾತು. ಈಗ ಹೆಣ್ಣುಮಕ್ಕಳೂ ಈ ವಿದ್ಯೆ ಕಲಿಯುತ್ತಿದ್ದಾರೆ.

ಮಕ್ಕಳೊಡನೆ ನೋಡಬೇಕಾದವು

ಓದುಗ ಬಂಧುಗಳು ರಜೆಯ ದಿನ ಮನೆಮಂದಿಯೊಡನೆ ಕುಳಿತು 'ಪ್ಯಾಸಾ', 'ಕಾಗಜ್ ಕೆ ಫೂಲ್', 'ಸಾಹಿಬ್ ಬೀಬಿ ಔರ್ ಗುಲಾಮ್' ಈ ಮೂರು ಚಿತ್ರಗಳನ್ನು ನೋಡಬೇಕೆಂದು ನಮ್ಮ ಸೂಚನೆ. ಥಿಯೇಟರಿಗೆ ಬರದಿದ್ದರೂ ಈಗ ಮೊಬೈಲು, ಟಿ.ವಿ.ಗಳಲ್ಲಿ ದೊರೆಯುತ್ತವೆ. ಮೊಬೈಲಿನಲ್ಲಿ ನೋಡಬೇಡಿರಿ, ಸಾಧ್ಯವಾದಷ್ಟು ದೊಡ್ಡ ತೆರೆಯಲ್ಲಿ ನೋಡಿರಿ. ಕೋಣೆಯ ದೀಪ ಆರಿಸಿರಿ. ಇಲ್ಲದಿದ್ದರೆ ಮೂರ್ತಿಯವರು ಶ್ರಮಪಟ್ಟು ಇಟ್ಟ ನೆರಳುಗಳು ಕಾಣುವುದಿಲ್ಲ. ಕಥೆ ಗೊತ್ತಿದ್ದರೆ ಒಂದು ಸಲ ದನಿ ಕಡಿಮೆ ಮಾಡಿ ಬರೀ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಮಕ್ಕಳಿಗೆ ಕೇಳಿರಿ. ಅವರು ನಮಗಿಂತ ಬೇಗ ಕಂಡುಹಿಡಿಯುತ್ತಾರೆ.

ಮತ್ತೊಂದು ಮಾತು. ಚಿತ್ರದ ಆರಂಭದಲ್ಲಿ ಹೆಸರುಗಳು ಬರುವಾಗ ಚಹಾ ತರಲು ಏಳಬೇಡಿರಿ. ಕೂತು ಎಲ್ಲ ಹೆಸರುಗಳನ್ನೂ ಓದಿರಿ. ಛಾಯಾಗ್ರಹಣ ಎಂಬ ಸಾಲಿನ ಕೆಳಗೆ ವಿ. ಕೆ. ಮೂರ್ತಿ ಎಂದು ಬಂದಾಗ, ಇವರು ನಮ್ಮ ಮೈಸೂರಿನವರು ಎಂದು ಮಕ್ಕಳಿಗೆ ತೋರಿಸಿರಿ.